ಮೇಲಿನ ಹೊಲ, ಕೆಳಗಿನ ಹೊಲ

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮೇಷ್ಟ್ರು. ಪ್ರತಿ ವರ್ಷ ವಿಭಕ್ತಿ ಪ್ರತ್ಯಯಗಳ ಪಾಠ ಬಂದಾಗ ಒಂದು ಕಡೆ ಇಡೀ ತರಗತಿ ನಗುತ್ತದೆ. ಪ್ರಥಮಾ ‘ಉ’, ದ್ವಿತೀಯಾ ‘ಅನ್ನು’, ತೃತೀಯಾ ‘ಇಂದ’, ಚತುರ್ಥೀ ‘ಗೆ’ ಎಂದು ಹೇಳಿಕೊಂಡು ಬಂದ ಮಕ್ಕಳು ಪಂಚಮಿ ‘ದೆಸೆಯಿಂದ’ ಎನ್ನುವಲ್ಲಿ ತಡವರಿಸುತ್ತಾರೆ. ಮರದ ದೆಸೆಯಿಂದ ಕಾಯಿ ಬಿತ್ತು ಎಂದು ನಾನು ಬೋರ್ಡಿನ ಮೇಲೆ ಬರೆದರೆ ಹಿಂದಿನ ಬೆಂಚಿನವನು ಎದ್ದು, “ಹಂಗ ಯಾರ್ ಮಾತಾಡ್ತಾರ್ರೀ ಸರ?” ಎನ್ನುತ್ತಾನೆ. ಯಾರೂ ಮಾತಾಡುವುದಿಲ್ಲ. ಮರದಿಂದ ಕಾಯಿ ಬಿತ್ತು ಎಂದೇ ಎಲ್ಲರೂ ಹೇಳುವುದು. ಮಕ್ಕಳ ಜೊತೆ ನಾನೂ ನಗುತ್ತೇನೆ.

ಆದರೆ ಆ ‘ದೆಸೆ’ ಎಂಬ ಮಾತಿನ ಹಿಂದೆ ಬಿದ್ದು ಹೋದಾಗಲೇ ನಮ್ಮ ಮನೆಯ ಹನ್ನೆರಡು ವರ್ಷಗಳ ಒಂದು ಜಗಳದ ಬುಡ ನನಗೆ ಸಿಕ್ಕಿತು. ಆ ಜಗಳ ಶುರುವಾಗಿದ್ದು ನನ್ನ ಬಾಯಿಂದಲೇ. ಇಷ್ಟು ದಿನ ಅದನ್ನು ಎಲ್ಲಿಯೂ ಬರೆದಿರಲಿಲ್ಲ.

ನಮ್ಮೂರು ಗಂಗಾವತಿ ತಾಲ್ಲೂಕಿನ ಸಾಣಾಪುರ. ತುಂಗಭದ್ರೆಯ ಎಡದಂಡೆಯ ಮೇಲಿದೆ. ಆಚೆ ದಂಡೆಗೆ ಹಂಪಿ, ಈಚೆ ದಂಡೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಆನೆಗೊಂದಿ. ಎತ್ತ ನೋಡಿದರೂ ಗುಂಡುಗಲ್ಲಿನ ಬೆಟ್ಟ, ಬೆಟ್ಟದ ಕಾಲ ಬುಡದಲ್ಲಿ ಹಸಿರು ಭತ್ತದ ಗದ್ದೆ. ಗದ್ದೆಗಳಿಗೆ ನೀರುಣಿಸುವ ಕಾಲುವೆಗಳಲ್ಲಿ ಹಲವು ವಿಜಯನಗರದ ಕಾಲದವು. ಮುನಿರಾಬಾದು ಮತ್ತು ಹೊಸಪೇಟೆಗಳ ನಡುವೆ ಹೈದರಾಬಾದು, ಮದರಾಸು ಎರಡೂ ಸರಕಾರಗಳು ಸೇರಿ 1945ರಲ್ಲಿ ಅಡಿಗಲ್ಲಿಟ್ಟು ಕಟ್ಟಿದ ತುಂಗಭದ್ರಾ ಅಣೆಕಟ್ಟಿಗಿಂತ ನಾನೂರು ವರ್ಷ ಹಳೆಯವು. ಎಡದಂಡೆ, ಬಲದಂಡೆ ಎಂದೆನಲ್ಲ, ಅದರಲ್ಲೂ ಒಂದು ಗುಟ್ಟಿದೆ. ನಾವು ನದಿಗೆ ಎದುರಾಗಿ ನಿಂತರೆ ಎಡ ಬಲ ಅದಲುಬದಲಾಗುತ್ತವೆ. ನೀರು ಹೋಗುವ ಕಡೆ ಮುಖ ಮಾಡಿ ನಿಂತಾಗ ಮಾತ್ರ ಸಾಣಾಪುರ ಎಡಕ್ಕೆ ಬರುತ್ತದೆ, ಹಂಪಿ ಬಲಕ್ಕೆ. ಅಂದರೆ ಎಡ ಬಲ ನಮ್ಮದಲ್ಲ, ನದಿಯದು.

ನನ್ನ ದಾದಾಗೆ ಕಾಲುವೆಯ ಕೆಳಗೆ ಎರಡು ತುಂಡು ಗದ್ದೆ ಇತ್ತು. 1981ರಲ್ಲಿ ಅವರು ಇಬ್ಬರು ಗಂಡುಮಕ್ಕಳಿಗೆ ಅದನ್ನು ಹಂಚಿದರು. ದಾದಾ ಮನೆಯಲ್ಲಿ ದಖನಿ ಮಾತಾಡುತ್ತಿದ್ದರು, ಹೊಲದಲ್ಲಿ ಕನ್ನಡ. “ಉಪ್ಪರ್ ಕಾ ಖೇತ್ ಬಡೇ ಕು, ನೀಚೇ ಕಾ ಛೋಟೇ ಕು” ಎಂದು ಅವರು ಹೇಳಿದರಂತೆ. ಕಾಗದ ಬರೆಯುವವರು ಅದನ್ನು ಕನ್ನಡಕ್ಕೆ ತಿರುಗಿಸಿ, ಮೇಲಿನ ಹೊಲ ಹಿರಿಯ ಮಗನಿಗೆ, ಕೆಳಗಿನ ಹೊಲ ಕಿರಿಯ ಮಗನಿಗೆ ಎಂದು ಬರೆದರು. ಎಲ್ಲರೂ ಹೆಬ್ಬೆಟ್ಟು ಒತ್ತಿದರು. 1983ರಲ್ಲಿ ದಾದಾ ತೀರಿಕೊಂಡರು.

ಹಿರಿಯ ಮಗ ನನ್ನ ದೊಡ್ಡಪ್ಪ. ನಾವು ಬಡೇ ಅಬ್ಬಾ ಎನ್ನುತ್ತಿದ್ದೆವು. ಅವರು ಮಣ್ಣು ಬಿಟ್ಟು ಕದಲಿದವರಲ್ಲ. ಕಿರಿಯ ಮಗ ನನ್ನ ಅಬ್ಬಾ. ಹದಿನಾಲ್ಕನೇ ವಯಸ್ಸಿಗೇ ಗಂಗಾವತಿಗೆ ಹೋಗಿ ದರ್ಜಿ ಕೆಲಸ ಕಲಿತು ಅಲ್ಲೇ ನೆಲೆಯೂರಿದವರು. ಎರಡೂ ಹೊಲವನ್ನು ಬಡೇ ಅಬ್ಬಾನೇ ಮಾಡುತ್ತಿದ್ದರು. ಸುಗ್ಗಿಗೆ ನಮ್ಮ ಪಾಲಿನ ಭತ್ತದ ಚೀಲ ಎತ್ತಿನ ಗಾಡಿಯಲ್ಲಿ ನಮ್ಮ ಬಾಗಿಲಿಗೆ ಬಂದು ಇಳಿಯುತ್ತಿದ್ದವು.

1991ರಲ್ಲಿ ಪಹಣಿಯನ್ನು ಬೇರೆ ಬೇರೆ ಮಾಡಿಸುವ ಮಾತು ಬಂತು. ಅಳತೆಯಾಗಿ ಒಂದು ನಕ್ಷೆ ಕೈಗೆ ಬಂತು. ನಕ್ಷೆಯಲ್ಲಿ ಎರಡು ತುಂಡು, ಒಂದು ಬಾಣ, ಬಾಣದ ತುದಿಯಲ್ಲಿ ‘ಉ’ ಎಂಬ ಅಕ್ಷರ. ಅಷ್ಟೇ. ಅಬ್ಬಾಗೆ ಓದು ಬರುತ್ತಿರಲಿಲ್ಲ. ಹೊಲಿಗೆ ಯಂತ್ರದ ಹಲಗೆಯ ಮೇಲೆ ಆ ಕಾಗದ ಹರವಿ ನನ್ನನ್ನು ಕರೆದರು. ನಾನಾಗ ಏಳನೇ ತರಗತಿ. ನಕ್ಷೆಯ ಮೇಲ್ಭಾಗ ಉತ್ತರ, ಕೆಳಭಾಗ ದಕ್ಷಿಣ, ಬಲ ಪೂರ್ವ, ಎಡ ಪಶ್ಚಿಮ ಎಂದು ಆ ವರ್ಷವೇ ಬಾಯಿಪಾಠ ಮಾಡಿದ್ದೆ. ಹಂಚಿಕೆಯ ಕಾಗದ ಓದಿದೆ, ನಕ್ಷೆ ನೋಡಿದೆ, ಕಾಗದದ ಮೇಲಿನ ತುಂಡಿಗೆ ಬೆರಳಿಟ್ಟು ಹೇಳಿದೆ: “ಅಬ್ಬಾ, ಮೇಲಿನ ಹೊಲ ಅಂದ್ರೆ ಇದು. ನಮ್ಮದು ಈ ಕೆಳಗಿಂದು.”

ನಾನು ಕೆಳಗಿನದೆಂದು ತೋರಿಸಿದ ತುಂಡು ತೂಬಿನ ಬಾಯಿಗೇ ಇದ್ದ ಹೊಲ. ಮೊದಲ ನೀರು ಕುಡಿಯುವ ಹೊಲ. ಮೇಲಿನದೆಂದು ತೋರಿಸಿದ್ದು ಕಾಲುವೆಯ ಬಾಲದ ಹೊಲ. ಸಾಣಾಪುರದ ಹತ್ತಿರ ತುಂಗಭದ್ರೆ ನೈಋತ್ಯದಿಂದ ಈಶಾನ್ಯದ ಕಡೆಗೆ ಹರಿಯುತ್ತಾಳೆ. ನಮ್ಮ ಕಾಲುವೆಯೂ ಅವಳ ಹಿಂದೆಯೇ ಹೋಗುತ್ತದೆ. ಹೀಗಾಗಿ ನೀರಿಗೆ ಯಾವುದು ಮೇಲೋ ಅದು ನಕ್ಷೆಯಲ್ಲಿ ಕೆಳಗೆ. ನೀರಿಗೆ ಯಾವುದು ಕೆಳಗೋ ಅದು ನಕ್ಷೆಯಲ್ಲಿ ಮೇಲೆ. ಇದು ನನಗೆ ಆಗ ಹೊಳೆಯಲಿಲ್ಲ. ಅಬ್ಬಾಗೆ ಹೊಳೆಯಿತೋ ಇಲ್ಲವೋ. ಆ ಉತ್ತರ ಅವರಿಗೂ ಬೇಕಾಗಿತ್ತು ಎಂದು ಇವತ್ತು ಅನಿಸುತ್ತದೆ.

ಹಿರಿಯರು ಸೇರಿದರು. “ನೀರು ಬರೋ ಕಡಿ ಮ್ಯಾಲ, ನೀರು ಹೋಗೋ ಕಡಿ ಕೆಳಗ, ಇದ್ರಾಗ ಕೇಳೂದೇನೈತಿ?” ಎಂದು ಒಂದಿಬ್ಬರು ಹೇಳಿದರಂತೆ. ಆದರೆ ಎದುರಿಗೆ ಮೊಹರಿನ ನಕ್ಷೆ ಇತ್ತು. ಓದಿದವರು ಕಾಗದದ ಕಡೆ ನಿಂತರು. ಬಡೇ ಅಬ್ಬಾ ಹೆಚ್ಚು ಮಾತಾಡಲಿಲ್ಲ. “ಕಾಗದ ಹಂಗಂದ್ರ ಹಂಗ ಆಗ್ಲಿ” ಎಂದು ಎದ್ದು ಹೋದರು. ಹೊಲ ಅದಲುಬದಲಾಯಿತು. ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು. ಈದಿನ ನಮಾಜಿಗೆ ಒಂದೇ ಈದ್ಗಾಕ್ಕೆ ಬಂದರೂ ಒಬ್ಬರು ಮುಂದಿನ ಸಾಲಿನಲ್ಲಿ ನಿಂತರೆ ಇನ್ನೊಬ್ಬರು ಹಿಂದಿನ ಸಾಲು ಹುಡುಕುತ್ತಿದ್ದರು. ಹೊರಗೆ ಬಂದು ಎಲ್ಲರೂ ಅಪ್ಪಿಕೊಳ್ಳುವಾಗ ಇವರಿಬ್ಬರೂ ಬೇರೆ ಬೇರೆ ಬಾಗಿಲಿಂದ ಹೊರಡುತ್ತಿದ್ದರು.

2001ರಿಂದ ಸಾಲು ಬರಗಾಲ. ತೂಬಿನ ಹತ್ತಿರದ ಹೊಲಗಳು ಹೇಗೋ ಬದುಕಿದವು. ಬಾಲದ ಹೊಲಗಳಿಗೆ ನೀರು ತಲುಪಲಿಲ್ಲ. ಬಡೇ ಅಬ್ಬಾನ ಹಿರಿಯ ಮಗ ಸೆಂಟ್ರಿಂಗ್ ಕೆಲಸಕ್ಕೆ ಬೆಂಗಳೂರಿಗೆ ಹೋದ. ಕಿರಿಯವನು ಗೋವಾಕ್ಕೆ ಹೋದ. ಬಡೀ ಅಮ್ಮಾ ಯಾರದೋ ಮದುವೆಯಲ್ಲಿ ನನ್ನ ಅಮ್ಮಿಗೆ ಎದುರಾಗಿ, “ನಮ್ಗ ದಿಕ್ಕಿಲ್ಲದಂಗ ಆತು ನೋಡವಾ” ಎಂದರಂತೆ. ಅಮ್ಮಿ ಮನೆಗೆ ಬಂದು ಅದನ್ನು ಹೇಳಿದಾಗ ಅಬ್ಬಾ ಯಂತ್ರದ ಪೆಡಲು ತುಳಿಯುತ್ತಲೇ ಇದ್ದರು.

ದಿಕ್ಕು ಎಂಬ ಮಾತನ್ನು ಎಷ್ಟು ಸಲೀಸಾಗಿ ಬಳಸುತ್ತೇವೆ ನೋಡಿ. ಮೂಡಣ ಒಂದು ದಿಕ್ಕು, ಪಡುವಣ ಒಂದು ದಿಕ್ಕು. ಆದರೆ ದಿಕ್ಕಿಲ್ಲದವನು ಎಂದರೆ ದಾರಿ ಗೊತ್ತಿಲ್ಲದವನಲ್ಲ, ಆಸರೆಯಿಲ್ಲದವನು. ತಲೆ ಎತ್ತಿ ಯಾರ ಕಡೆಗೆ ನೋಡಬೇಕೋ ಆ ಕಡೆಯೇ ಇಲ್ಲದವನು. ನಮ್ಮ ಭಾಷೆಯಲ್ಲಿ ಮನುಷ್ಯನಿಗೆ ಮನುಷ್ಯನೇ ದಿಕ್ಕು.

2003ರಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ವರ್ಷವೇ ಹಿಂದಿನ ಬೆಂಚಿನ ಆ ಪ್ರಶ್ನೆ ಬಂತು. ಉತ್ತರ ಗೊತ್ತಿಲ್ಲದೆ ನಾಚಿಕೆಯಾಗಿ, ರಜೆಯಲ್ಲಿ ಹಳೆಯ ವ್ಯಾಕರಣ ಹಿಡಿದು ಕುಳಿತೆ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಪಂಚಮಿಗೆ ಕೊಡುವ ಪ್ರತ್ಯಯ ‘ಅತ್ತಣಿಂ’. ಅದನ್ನು ಬಿಡಿಸಿದರೆ ಅತ್ತ, ಅಣ, ಇಂ. ಅತ್ತ ಎಂದರೆ ಆ ಕಡೆ. ಮರದತ್ತಣಿಂ ಎಂದರೆ ಮರದ ಆ ಕಡೆಯಿಂದ. ಹೊಸಗನ್ನಡದ ‘ದೆಸೆ’ ಸಂಸ್ಕೃತದ ದಿಶಾ ಎಂಬುದರ ತದ್ಭವ. ಅದೂ ದಿಕ್ಕೇ. ಹಳೆಯ ದಿಕ್ಕಿನ ಮಾತು ಸವೆದು ಪ್ರತ್ಯಯವಾಯಿತು, ಅದು ಬಳಕೆ ತಪ್ಪಿದ ಮೇಲೆ ಇನ್ನೊಂದು ದಿಕ್ಕಿನ ಮಾತನ್ನು ತಂದು ಅದೇ ಜಾಗದಲ್ಲಿ ಕೂರಿಸಿದರು. ಸಪ್ತಮಿಯ ಕತೆಯೂ ಹಾಗೆಯೇ. ಕೇಶಿರಾಜನಿಗೆ ಅದು ‘ಒಳ್’, ಅಂದರೆ ಒಳಗೆ. ನಮಗೆ ‘ಅಲ್ಲಿ’. ಮನೆಯಲ್ಲಿ ಎನ್ನುವಾಗ ಮನೆಯನ್ನು ತೋರಿಸಿ ಅಲ್ಲಿ ಎಂದು ಬೆರಳು ಮಾಡಿದಂತೆಯೇ. ಕನ್ನಡದ ವಿಭಕ್ತಿಗೆ ಸಂಸ್ಕೃತದ ಅಚ್ಚು ಯಾಕೆ, ಕನ್ನಡಕ್ಕೆ ತನ್ನದೇ ವ್ಯಾಕರಣ ಬೇಕು ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದನ್ನೂ ಆ ರಜೆಯಲ್ಲೇ ಓದಿದ್ದು.

ಆ ಬೆರಳು ಮಾಡುವ ಮಾತುಗಳ ಕುಟುಂಬ ನಮ್ಮಲ್ಲಿ ಎಷ್ಟು ಅಚ್ಚುಕಟ್ಟಾಗಿದೆ! ಇಲ್ಲಿ, ಅಲ್ಲಿ, ಎಲ್ಲಿ. ಇತ್ತ, ಅತ್ತ, ಎತ್ತ. ಹಳಗನ್ನಡದಲ್ಲಿ ಇದು ಮತ್ತು ಅದುಗಳ ನಡುವೆ ‘ಉದು’ ಎಂದು ಇನ್ನೊಂದಿತ್ತು. ತೀರ ಹತ್ತಿರವೂ ಅಲ್ಲದ, ತೀರ ದೂರವೂ ಅಲ್ಲದ ವಸ್ತುವಿಗೆ. ಅದು ಕಳೆದುಹೋಯಿತು. ಇಂಗ್ಲಿಷಿನಲ್ಲೂ ಹೀಗೇ. ಹಿಯರ್, ದೇರ್, ವೇರ್ ಉಳಿದಿವೆ. ಇತ್ತ, ಅತ್ತ, ಎತ್ತ ಎನ್ನುವ ಹಿದರ್, ದಿದರ್, ವಿದರ್ ಈಗ ಹಳೆಯ ಪುಸ್ತಕಗಳಲ್ಲಿ ಮಾತ್ರ. ಜರ್ಮನ್ನರು ಇನ್ನೂ ಮಾತನಾಡುವವನ ಕಡೆ ಬರುವುದಕ್ಕೆ ‘ಹೇರ್’, ಅವನಿಂದ ಆಚೆ ಹೋಗುವುದಕ್ಕೆ ‘ಹಿನ್’ ಎಂದು ಬೇರೆ ಬೇರೆ ಹಚ್ಚುತ್ತಾರೆ. ನಮ್ಮ ದಖನಿಯಲ್ಲಿ ಇದರ್, ಉದರ್, ಕಿದರ್ ಇವೆಯಲ್ಲ, ಹಾಗೆ.

ಓದುತ್ತ ಹೋದಂತೆ ‘ಡೌನ್’ ಎಂಬ ಪದ ನನ್ನನ್ನು ಹಿಡಿದು ನಿಲ್ಲಿಸಿತು. ಕೆಳಗೆ ಎಂಬ ಅರ್ಥದ ಈ ಮಾತು ಮೂಲದಲ್ಲಿ ಬೆಟ್ಟ. ಹಳೆಯ ಇಂಗ್ಲಿಷಿನಲ್ಲಿ ‘ಡೂನ್’ ಎಂದರೆ ಗುಡ್ಡ. ಗುಡ್ಡದಿಂದ ಎನ್ನಲು ‘ಆಫ್ ಡೂನೆ’. ಹೇಳಿ ಹೇಳಿ ಸವೆದು ಅದು ‘ಡೌನ್’ ಆಯಿತು. ಗುಡ್ಡ ಮರೆತುಹೋಯಿತು, ಇಳಿಯುವುದು ಉಳಿಯಿತು. ಅವರ ಈಸ್ಟ್ ಎಂಬ ಮಾತಿಗೆ ಮೂಲ ಬೆಳಗು. ವೆಸ್ಟ್ ಎಂಬುದಕ್ಕೆ ಸಂಜೆಯ ನಂಟು. ನಮ್ಮ ಮೂಡಣವೂ ಹೀಗೆಯೇ, ನೇಸರು ಮೂಡುವ ಕಡೆ. ಪಡು ಎಂದರೆ ಬೀಳು, ಮುಳುಗು. ಪಡುವಣ ನೇಸರು ಮುಳುಗುವ ಕಡೆ. ಅರಬ್ಬಿಯ ಮಶ್ರಿಖ್ ಸೂರ್ಯ ಹುಟ್ಟುವ ಜಾಗ, ಮಗ್ರಿಬ್ ಮುಳುಗುವ ಜಾಗ. ಸಂಜೆಯ ನಮಾಜಿಗೂ, ಮೊರಾಕ್ಕೋ ದೇಶಕ್ಕೂ ಅದೇ ಹೆಸರು. ಸಂಸ್ಕೃತದವರು ಸೂರ್ಯನಿಗೆ ಮುಖ ಮಾಡಿ ನಿಂತು ದಿಕ್ಕು ಕರೆದರು. ಪೂರ್ವ ಎಂದರೆ ಮುಂದಿನದು, ಪಶ್ಚಿಮ ಹಿಂದಿನದು, ದಕ್ಷಿಣ ಬಲಗಡೆಯದು. ಅರಬರೂ ಹಾಗೆಯೇ ನಿಂತಿದ್ದರು. ಯಮನ್ ಬಲಗಡೆಯ ನಾಡು, ಎಡಗೈಗೆ ಇದ್ದ ಮಾತೇ ಶಿಮಾಲ್, ಉತ್ತರ.

ಹೀಗೆ ಒಬ್ಬೊಬ್ಬರು ಒಂದೊಂದನ್ನು ಹಿಡಿದು ದಿಕ್ಕು ಕಟ್ಟಿದ್ದಾರೆ. ಕೆಲವರು ಸೂರ್ಯನನ್ನು, ಕೆಲವರು ತಮ್ಮ ಮೈಯನ್ನು, ಕೆಲವರು ನೆಲದ ಇಳಿಜಾರನ್ನು. ತಮಿಳರು ಇಳಿಜಾರನ್ನು ಹಿಡಿದರು. ಅವರ ಪಶ್ಚಿಮ ‘ಮೇರ್ಕು’, ಅದರಲ್ಲಿರುವುದು ಮೇಲು. ಪೂರ್ವ ‘ಕಿಳಕ್ಕು’, ಅದರಲ್ಲಿರುವುದು ಕೀಳು, ಅಂದರೆ ಕೆಳಗು. ಪಡುವಣದಲ್ಲಿ ಘಟ್ಟ, ಮೂಡಣದಲ್ಲಿ ಕಡಲು ಇರುವ ನಾಡಿಗೆ ಅದು ಸರಿಯಾಗಿಯೇ ಇದೆ. ಸೋಜಿಗವೆಂದರೆ ಕೇರಳದವರೂ ಪೂರ್ವವನ್ನು ಕಿಳಕ್ಕು ಎಂದೇ ಕರೆಯುತ್ತಾರೆ. ಅವರಿಗೆ ಘಟ್ಟ ಇರುವುದೇ ಪೂರ್ವದಲ್ಲಿ. ದಿನವೂ ಕತ್ತು ಎತ್ತಿ ನೋಡಬೇಕಾದ ಬೆಟ್ಟದ ಕಡೆಯನ್ನು ಕೆಳಗು ಎನ್ನುತ್ತಾರೆ. ಆ ಮಾತು ಘಟ್ಟದ ಆಚೆಯಿಂದ ಬಂದದ್ದು ಎಂಬುದನ್ನು 19ನೇ ಶತಮಾನದಲ್ಲೇ ಕಾಲ್ಡ್‌ವೆಲ್ ಗುರುತಿಸಿದ್ದ. ಜನ ಊರು ಬಿಟ್ಟರು, ಘಟ್ಟ ದಾಟಿದರು, ಮಾತು ಮಾತ್ರ ಹಳೆಯ ಊರಿನ ಇಳಿಜಾರನ್ನೇ ಹೊತ್ತು ಬಂತು. ಗ್ರೀನ್‌ಲ್ಯಾಂಡಿಗೆ ಹೋಗಿ ನೆಲೆಸಿದ ನಾರ್ವೆ ಮೂಲದವರು ತಮ್ಮ ಎರಡು ವಸತಿಗಳನ್ನು ಮೂಡಣ ವಸತಿ, ಪಡುವಣ ವಸತಿ ಎಂದು ಕರೆದರು. ಇವತ್ತಿನ ನಕ್ಷೆಯಲ್ಲಿ ನೋಡಿದರೆ ಮೂಡಣದ್ದು ದಕ್ಷಿಣಕ್ಕಿದೆ, ಪಡುವಣದ್ದು ಅದಕ್ಕಿಂತ ಉತ್ತರಕ್ಕಿದೆ.

ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ನನ್ನ ಕಣ್ಣ ಮುಂದೆ ಹೊಲಿಗೆ ಯಂತ್ರದ ಹಲಗೆ ಬಂತು. ಅದರ ಮೇಲೆ ನಕ್ಷೆ, ನಕ್ಷೆಯ ಮೇಲೆ ಹನ್ನೆರಡು ವರ್ಷದ ಹುಡುಗನ ಬೆರಳು.

ನಕ್ಷೆಯ ಮೇಲ್ಭಾಗ ಉತ್ತರವೇ ಆಗಿರಬೇಕು ಎಂದು ಯಾರು ಹೇಳಿದರು? 1154ರಲ್ಲಿ ಸಿಸಿಲಿಯ ದೊರೆ ರೋಜರನಿಗಾಗಿ ಅಲ್ ಇದ್ರೀಸಿ ಮುಗಿಸಿಕೊಟ್ಟ ಜಗತ್ತಿನ ನಕ್ಷೆಯಲ್ಲಿ ಮೇಲ್ಭಾಗಕ್ಕೆ ಇರುವುದು ದಕ್ಷಿಣ. ಈಜಿಪ್ಟಿನಲ್ಲಿ ಇವತ್ತಿಗೂ ಮೇಲಿನ ಈಜಿಪ್ಟ್ ಎಂದರೆ ದಕ್ಷಿಣದ ಭಾಗ, ಯಾಕೆಂದರೆ ನೈಲ್ ನದಿ ಅಲ್ಲಿಂದ ಇಳಿದು ಬರುತ್ತದೆ. ಅಷ್ಟು ದೂರ ಯಾಕೆ, ನಮ್ಮದೇ ಎಡದಂಡೆಯ ವಿಜಯನಗರ ಕಾಲುವೆಗಳಲ್ಲಿ ಮೇಲಿನ ಗಂಗಾವತಿ ಕಾಲುವೆ, ಕೆಳಗಿನ ಗಂಗಾವತಿ ಕಾಲುವೆ ಎಂದು ಎರಡು ಇವೆ. ನದಿಯ ಬದಿಯ ಜನರಿಗೆ ಮೇಲು ಎಂದರೆ ನೀರು ಬರುವ ಕಡೆ. ಅದನ್ನು ಕಲಿಯಲು ಶಾಲೆಗೆ ಹೋಗಬೇಕಿಲ್ಲ. ಶಾಲೆಗೆ ಹೋಗಿದ್ದಕ್ಕೇ ನನಗೆ ಅದು ಮರೆತಿತ್ತು.

ಆದರೂ ಮಾತಿನ ಮೇಲೆ ಮಾತು ಹೇರಿ ಅಬ್ಬಾನ ಮುಂದೆ ಹೋಗುವ ಧೈರ್ಯವಾಗಲಿಲ್ಲ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ದಾದಾನ ಹಳೆಯ ಉರ್ದು ಕಾಗದ ಒಂದಿತ್ತು. ನಮ್ಮ ಭಾಗ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಡಳಿತದಲ್ಲಿತ್ತಲ್ಲ, ಜಮೀನಿನ ಕಾಗದವೆಲ್ಲ ಉರ್ದುವಿನಲ್ಲೇ. ಮನೆಯಲ್ಲಿ ಎಲ್ಲರೂ ದಖನಿ ಮಾತಾಡುವವರು, ಆದರೆ ಆ ಲಿಪಿ ಸಲೀಸಾಗಿ ಓದುವವರು ಒಬ್ಬರೂ ಇಲ್ಲ. ನಿಜಾಮರ ಕಾಲದಲ್ಲಿ ಶಾಲೆ ಕಲಿತ ಒಬ್ಬ ವೃದ್ಧರು ಗಂಗಾವತಿಯಲ್ಲಿದ್ದರು. ಅವರ ಬಳಿ ಒಯ್ದೆ. ಫಸಲಿ 1351ನೇ ಸಾಲಿನ ಕಾಗದ. ಅಂದರೆ 1941-42. ಅವರು ಕನ್ನಡಕ ಏರಿಸಿ ಓದಿದರು. ಎರಡು ತುಂಡಿಗೂ ಅದರಲ್ಲಿ ಹೆಸರಿತ್ತು. ಒಂದು ಕಿತ್ತಾ-ಎ-ಬಾಲಾ, ಇನ್ನೊಂದು ಕಿತ್ತಾ-ಎ-ಪಾಯೀನ್. ಬಾಲಾ ಎಂದರೆ ಪಾರಸಿಯಲ್ಲಿ ಮೇಲಿನದು, ಪಾಯೀನ್ ಎಂದರೆ ಕೆಳಗಿನದು. ಕರ್ನಾಟಕ ಬಾಲಾಘಾಟ್, ಕರ್ನಾಟಕ ಪಾಯಿನ್‌ಘಾಟ್ ಎಂದು ಚರಿತ್ರೆಯ ಪುಸ್ತಕದಲ್ಲಿ ಓದುತ್ತೇವಲ್ಲ, ಘಟ್ಟದ ಮೇಲಿನದು, ಘಟ್ಟದ ಕೆಳಗಿನದು, ಅದೇ ಮಾತು. ಕೆಳಗೆ ನಾಲ್ಕು ಗಡಿಗಳ ವಿವರ ಇತ್ತು. ಬಾಲಾ ಹೊಲದ ಮಗ್ರಿಬ್‌ಗೆ ಕಾಲುವೆಯ ತೂಬು, ಮಶ್ರಿಖ್‌ಗೆ ಕಿತ್ತಾ-ಎ-ಪಾಯೀನ್.

ಮೇಲು ಎಂಬ ಮಾತು ಎತ್ತ ಬೇಕಾದರೂ ತಿರುಗೀತು. ಸೂರ್ಯ ತಿರುಗುವುದಿಲ್ಲ. ದಾದಾನ ಮೇಲಿನ ಹೊಲ ಪಡುವಣದ್ದು, ತೂಬಿನ ಬಾಯಿಯದು, ಬಡೇ ಅಬ್ಬಾ ಮೊದಲಿನಿಂದ ಮಾಡುತ್ತಿದ್ದದ್ದು. ನಾವು ಹನ್ನೆರಡು ವರ್ಷ ಉಂಡದ್ದು ಅವರ ಅನ್ನ.

ಆ ಸಂಜೆ ಅಂಗಡಿಯಲ್ಲಿ ಅಬ್ಬಾಗೆ ಎಲ್ಲವನ್ನೂ ಹೇಳಿದೆ. ಅವರು ಯಾರದೋ ಅಂಗಿಯ ಕಾಲರು ಹೊಲಿಯುತ್ತಿದ್ದರು. ಯಂತ್ರ ನಿಂತಿತು. “ಇನ್ನೊಮ್ಮೆ ಓದು” ಎಂದರು. ವೃದ್ಧರು ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದುಕೊಂಡಿದ್ದೆ, ಓದಿದೆ. ತಪ್ಪು ನನ್ನದು, ನಾನೇ ಬೆರಳಿಟ್ಟು ತೋರಿಸಿದ್ದು ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನಿನಗ ಆಗ ಹನ್ನೆರಡು ವರ್ಷ. ನನಗ ಎಷ್ಟಿತ್ತು?” ಎಂದರು. ನಾನು ಉತ್ತರ ಕೊಡಲಿಲ್ಲ.

ಮರುದಿನ ಫಜರ್ ಮುಗಿಸಿ ಮೊದಲ ಬಸ್ಸಿಗೆ ಇಬ್ಬರೂ ಸಾಣಾಪುರಕ್ಕೆ ಹೋದೆವು. ಬಡೇ ಅಬ್ಬಾ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ತಮ್ಮನನ್ನು ಕಂಡು ಏಳಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅಬ್ಬಾ ನಿಂತೇ ಹೇಳಿದರು. ಕೇಳಿ ಮುಗಿದ ಮೇಲೆ ಬಡೇ ಅಬ್ಬಾ ಕೇಳಿದ್ದು ಒಂದೇ ಮಾತು: “ಕಬ್ ಮಾಲೂಮ್ ಹುವಾ ತುಜೆ?” ಯಾವಾಗ ಗೊತ್ತಾಯಿತು ನಿನಗೆ?

“ಕಲ್” ಎಂದರು ಅಬ್ಬಾ. ನಿನ್ನೆ.

“ಮೇರೇಕು ಪೈದಾ ಹುಯೇ ಸೋ ದಿನ್ ಸೇ ಮಾಲೂಮ್.” ನನಗೆ ಹುಟ್ಟಿದ ದಿನದಿಂದ ಗೊತ್ತು.

ಬಡೀ ಅಮ್ಮಾ ಚಹಾ ತಂದರು. ಅಬ್ಬಾ ಹೊಲ ತಿರುಗಿ ತಗೋ ಎಂದರು. “ಮಾಡೋರು ಎಲ್ಲಿದ್ದಾರೆ? ಒಬ್ಬ ಬೆಂಗ್ಳೂರಾಗ, ಒಬ್ಬ ಗೋವಾದಾಗ. ನನ್ನ ಕೈಯಾಗ ಈಗ ಆಗೂದಿಲ್ಲ” ಎಂದರು ಬಡೇ ಅಬ್ಬಾ. ಆ ವರ್ಷದಿಂದ ಪಡುವಣದ ಹೊಲದ ಭತ್ತ ಅವರ ಬಾಗಿಲಿಗೆ ಹೋಗತೊಡಗಿತು. ಚೀಲ ಇಳಿಸಲು ಅಬ್ಬಾ ತಾವೇ ಹೋಗುತ್ತಿದ್ದರು. ಮಾತು ಮತ್ತೆ ಶುರುವಾಯಿತು, ಆದರೆ ಕಡಿಮೆ. ಹನ್ನೆರಡು ವರ್ಷದ ಮಾತನ್ನು ಎಲ್ಲಿಂದ ತರುವುದು? ಹೋದ ಮಕ್ಕಳು ತಿರುಗಿ ಬರಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿದ್ದರು, ಅಲ್ಲೇ ಮಕ್ಕಳನ್ನು ಶಾಲೆಗೆ ಹಾಕಿದ್ದರು.

ಮುಂದೆ ಎಂಬ ಮಾತನ್ನು ಪಾಠ ಮಾಡುವಾಗಲೂ ನನಗೆ ಇದು ನೆನಪಾಗುತ್ತದೆ. ಮುಂದೆ ಎಂದರೆ ಇನ್ನು ಬರುವ ಕಾಲ. ಆದರೆ ಅದೇ ಬೇರಿನ ಮುನ್ನ ಎಂದರೆ ಆಗಿಹೋದ ಕಾಲ. ಮುಂಗಾರು ಎಂದರೆ ಮೊದಲು ಬಂದ ಮಳೆ, ಹಿಂಗಾರು ಆಮೇಲೆ ಬರುವ ಮಳೆ. ಮುಂದಿರುವುದು ಬರುತ್ತಿದೆಯೋ, ಹೋಗಿಬಿಟ್ಟಿದೆಯೋ ಎಂಬುದನ್ನು ನಮ್ಮ ಮಾತು ಒಂದೇ ಬೇರಿನಲ್ಲಿ ಹಿಡಿದಿಟ್ಟಿದೆ. ನಮ್ಮೂರಿನ ಹರಿಗೋಲಿನವರಿಗೆ ಈ ತೊಂದರೆಯಿಲ್ಲ. ದುಂಡನೆಯ ಹರಿಗೋಲಿಗೆ ಮುಂದೆ ಹಿಂದೆ ಎಂಬುದೇ ಇಲ್ಲ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಸ್ ಆನೆಗೊಂದಿಯ ಕಡೆ ಹೊಳೆ ದಾಟಿಸುವ, ಬುಟ್ಟಿಯಂತೆ ಹೆಣೆದು ತೊಗಲು ಹೊದಿಸಿದ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅದು ಸುತ್ತುತ್ತಲೇ ಹೋಗುತ್ತದೆ. ಹುಟ್ಟು ಹಾಕುವವನು ದೋಣಿಯನ್ನು ನೋಡುವುದಿಲ್ಲ, ನೀರನ್ನು ನೋಡುತ್ತಾನೆ.

ಬಡೇ ಅಬ್ಬಾ 2009ರಲ್ಲಿ ಹೋದರು. ಅಬ್ಬಾ 2017ರಲ್ಲಿ. ಅಬ್ಬಾನ ಮಾತಿನಂತೆ ಅವರನ್ನು ಸಾಣಾಪುರಕ್ಕೇ ತಂದು ಅಣ್ಣನ ಬದಿಯಲ್ಲಿ ಮಣ್ಣು ಮಾಡಿದೆವು. ನಮ್ಮಲ್ಲಿ ಗೋರಿ ಬಡಗು-ತೆಂಕಾಗಿ ಇರುತ್ತದೆ. ತಲೆ ಬಡಗಣಕ್ಕೆ, ಬಲ ಮಗ್ಗುಲಾಗಿ ಮಲಗಿಸಿ, ಮುಖ ಖಿಬ್ಲಾದ ಕಡೆಗೆ. ಖಿಬ್ಲಾ ಎಂದರೆ ಮುಖ ಮಾಡುವ ಕಡೆ ಎಂದೇ ಅರ್ಥ. ನಮ್ಮ ಹಿರಿಯರಿಗೆ ಅದು ಪಡುವಣ. ಲೆಕ್ಕ ಹಾಕಿದರೆ ನಮ್ಮೂರಿನಿಂದ ಮಕ್ಕಾ ನೇರ ಪಡುವಣಕ್ಕಿಲ್ಲ, ಸುಮಾರು 15 ಡಿಗ್ರಿ ಬಡಗಣಕ್ಕೆ ವಾಲಿದೆ. ಮಣ್ಣು ಮಾಡುವಾಗ ಒಬ್ಬ ಹುಡುಗ ಮೊಬೈಲು ಹಿಡಿದು ಆ ಡಿಗ್ರಿ ತೋರಿಸಿದ. ಒಬ್ಬ ಹಿರಿಯರು ಪಕ್ಕದ ಗೋರಿಯನ್ನು ನೋಡಿ, “ಅಣ್ಣ ಎತ್ತ ನೋಡ್ತಾನೋ ತಮ್ಮನೂ ಅತ್ತ ನೋಡ್ಲಿ” ಎಂದರು. ಹಾಗೆಯೇ ಮಾಡಿದೆವು.

2018ರಲ್ಲಿ ಪಡುವಣದ ಹೊಲವನ್ನು ಬಡೇ ಅಬ್ಬಾನ ಮಕ್ಕಳ ಹೆಸರಿಗೆ ನೋಂದಣಿ ಮಾಡಿಸಿದೆ. ಎರಡು ವರ್ಷದ ಮೇಲೆ, 2020ರಲ್ಲಿ, ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ತೆರವು ಮಾಡಿದರು. ನಮ್ಮ ಕಡೆ ಪ್ರವಾಸಿಗಳು ಹೆಚ್ಚಿದರು, ಜಮೀನಿಗೆ ಬೆಲೆ ಬಂತು. ಅವಸರ ಮಾಡಿದಿರಿ ಎಂದು ಕೆಲವರು ನನಗೆ ಹೇಳಿದರು. ಹನ್ನೆರಡು ವರ್ಷ ತಡ ಮಾಡಿದವನಿಗೆ ಅವಸರದ ಮಾತು ಹೇಗೆ ಒಪ್ಪುತ್ತದೆ?

ಕೊಪಣ, ಅಂದರೆ ನಮ್ಮ ಕೊಪ್ಪಳವನ್ನು, ಕವಿರಾಜಮಾರ್ಗ ತಿರುಳ್ಗನ್ನಡದ ನಾಡಿನಲ್ಲಿ ಹೆಸರಿಸಿದೆ. ಅದನ್ನು ನಾನು ಮಕ್ಕಳಿಗೆ ಹೆಮ್ಮೆಯಿಂದಲೇ ಹೇಳುತ್ತೇನೆ. ಅದರ ಜೊತೆಗೆ ಈಗ ಇನ್ನೊಂದು ಕೆಲಸ ಮಾಡಿಸುತ್ತೇನೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ಬನ್ನಿ, ನಿಮ್ಮೂರಲ್ಲಿ ಮೇಲೆ ಎಂದರೆ ಎತ್ತ, ಕೆಳಗೆ ಎಂದರೆ ಎತ್ತ ಎಂದು. ಒಬ್ಬ ಹುಡುಗಿ ಗುಡಿಯ ಕಡೆ ಮೇಲು ಎಂದು ಬರೆದು ತಂದಳು. ಒಬ್ಬ ಗುಡ್ಡದ ಕಡೆ ಎಂದ. ಕಾಲುವೆಯ ಬದಿಯವರು ತೂಬಿನ ಕಡೆ ಎಂದರು. ಉತ್ತರ ಎಂದು ಬರೆದು ತಂದವರೂ ಇದ್ದಾರೆ. ಅವರು ಮನೆಯಲ್ಲಿ ಕೇಳಿಲ್ಲ, ಪುಸ್ತಕದಿಂದ ಬರೆದಿದ್ದಾರೆ ಎಂದು ನನಗೆ ಗೊತ್ತಾಗುತ್ತದೆ. ಅಂಕ ಕಡಿಮೆ ಮಾಡುವುದಿಲ್ಲ. ಸಂಜೆ ತಾತನನ್ನು ಕೇಳಿ ನಾಳೆ ಮತ್ತೆ ಬರೆದು ತಾ ಎನ್ನುತ್ತೇನೆ.

ಹೋದ ಬೇಸಿಗೆಯಲ್ಲಿ ಬಡೇ ಅಬ್ಬಾನ ಮೊಮ್ಮಗ ಬೆಂಗಳೂರಿನಿಂದ ಬಂದಿದ್ದ. ಹದಿಮೂರು ವರ್ಷ. ಹುಟ್ಟಿದ್ದು ಅಲ್ಲೇ, ಹೊಲ ನೋಡಿರಲಿಲ್ಲ. ಇಬ್ಬರೂ ಕಾಲುವೆಯ ಏರಿಯ ಮೇಲೆ ನಡೆದು ಹೋದೆವು. “ನಮ್ಮದು ಯಾವುದು ಚಾಚಾ?” ಎಂದ. ಮೇಲಿನದು ಎಂದೆ. ಅವನು ಕೂಡಲೇ ಮೊಬೈಲು ತೆಗೆದು ನಕ್ಷೆ ಬಿಡಿಸಿ, ತೆರೆಯ ಮೇಲ್ಭಾಗಕ್ಕೆ ಬೆರಳಿಟ್ಟ.

ನಾನು ಮೊಬೈಲನ್ನು ಅವನ ಜೇಬಿಗಿಟ್ಟೆ. ಭುಜ ಹಿಡಿದು ನೀರು ಬರುವ ಕಡೆಗೆ ಅವನನ್ನು ತಿರುಗಿಸಿ ನಿಲ್ಲಿಸಿದೆ.